ಕಣ್ಣಿಗೆ ಫೋಕಸ್ ಇಟ್ಟರೆ ಕಿವಿ ಸ್ಪಷ್ಟ: ಹಳೆಯ ರೇಂಜ್‌ಫೈಂಡರ್ ಲೆನ್ಸುಗಳ ಲೆಕ್ಕ ತಪ್ಪುವುದೆಲ್ಲಿ?

ಮಂದಬೆಳಕು:

ಎರಡು ವರ್ಷಗಳಿಂದ ಜೊರ್ಕಿ-4 ಎಂಬ ಸೋವಿಯತ್ ರೇಂಜ್‌ಫೈಂಡರ್ ಕ್ಯಾಮೆರಾಗೆ ಜುಪಿಟರ್-8 ಲೆನ್ಸನ್ನು ಹಾಕಿಕೊಂಡು ಮನೆಯವರ ಮುಖಚಿತ್ರಗಳನ್ನು ತೆಗೆಯುತ್ತ ಬಂದಿದ್ದೇನೆ. ಕಿಟಕಿಯ ಬೆಳಕಿನಲ್ಲಿ, ಒಂದು ಮೀಟರ್ ದೂರದಿಂದ, ಲೆನ್ಸನ್ನು ಎಫ್/2ಕ್ಕೆ (ಈ ಅಂಕಿ ಹೆಚ್ಚಿದಷ್ಟೂ ದ್ಯುತಿರಂಧ್ರ, ಅಂದರೆ ಬೆಳಕು ಬರುವ ಕಿಂಡಿ, ಕಿರಿದು) ಪೂರ್ತಿ ತೆರೆದು ತೆಗೆದಾಗಲೂ ಕಣ್ಣಿನ ರೆಪ್ಪೆಗಳನ್ನು ಎಣಿಸಬಹುದಾಗಿತ್ತು. ಜೊರ್ಕಿಯ ವ್ಯೂಫೈಂಡರಿನಲ್ಲಿ ಚೌಕಟ್ಟಿನ ಗೆರೆಗಳಿಲ್ಲ ಎಂಬ ಒಂದೇ ಬೇಸರಕ್ಕೆ ಇತ್ತೀಚೆಗೆ ಕ್ಯಾನನ್ ಪಿ ಕೊಂಡೆ. ಎರಡಕ್ಕೂ ಅದೇ 39 ಮಿ.ಮೀ. ತಿರುಪಿನ ಬಾಯಿ ಇರುವುದರಿಂದ ಲೆನ್ಸನ್ನು ಬಿಚ್ಚಿ ಹೊಸ ಬಾಡಿಗೆ ತಿರುಗಿಸಿ ಕೂರಿಸಿದೆ, ಅಷ್ಟೇ.

ಮೂರು ರೀಲು ತೊಳೆದ ಮೇಲೆ ನೋಡಿದರೆ ಹತ್ತಿರದ ಚಿತ್ರಗಳೆಲ್ಲವೂ ಒಂದೇ ರೀತಿ ಕೆಟ್ಟಿವೆ. ವ್ಯೂಫೈಂಡರಿನಲ್ಲಿ ಕಾಣುವ ಜೋಡುಬಿಂಬವನ್ನು ಕಣ್ಣಿನ ಮೇಲೆ ಕೂಡಿಸಿದ್ದರೂ ಕಣ್ಣು ಮಸುಕಾಗಿದೆ, ಕಿವಿ ಸ್ಪಷ್ಟವಾಗಿದೆ. ಐದಾರು ಮೀಟರ್ ದಾಟಿದ ಚಿತ್ರಗಳಲ್ಲಿ ದೋಷವೇನೂ ಕಾಣುವುದಿಲ್ಲ. ಇದು ಕ್ಯಾಮೆರಾದ ತಪ್ಪೇ, ಲೆನ್ಸಿನ ತಪ್ಪೇ, ಇಲ್ಲವೆ ನನ್ನ ಕಣ್ಣಿನದೇ?

ಅರೆಗನ್ನಡಿ:

ಲೆನ್ಸನ್ನು ದೂರುವ ಮೊದಲು ರೇಂಜ್‌ಫೈಂಡರನ್ನೇ ಪರೀಕ್ಷಿಸಬೇಕು. ಅದು ಎರಡು ಕಿಂಡಿಗಳಿಂದ ಒಂದೇ ವಸ್ತುವನ್ನು ನೋಡಿ, ಅವುಗಳ ನಡುವಿನ ಅಂತರವನ್ನು ತಳಹದಿಯಾಗಿಟ್ಟುಕೊಂಡು ತ್ರಿಕೋನ ಕಟ್ಟಿ ದೂರ ಅಳೆಯುವ ಸಾಧನ. ಲೆನ್ಸಿನ ಹಿಂಬದಿಯ ಬಳೆ ಮುಂದೆ ಹಿಂದೆ ಸರಿದಾಗ ಬಾಡಿಯೊಳಗಿನ ಒಂದು ಸಣ್ಣ ತೋಳು ಅದನ್ನು ಹಿಂಬಾಲಿಸುತ್ತದೆ, ಆ ತೋಳಿನ ಚಲನೆಗೆ ತಕ್ಕಂತೆ ಎರಡನೆಯ ಬಿಂಬ ಪಕ್ಕಕ್ಕೆ ಸರಿಯುತ್ತದೆ. ಹಾಗಾಗಿ ಈ ಕ್ಯಾಮೆರಾಗಳಿಗೆ ಲೆನ್ಸಿನ ಮೂಲಕ ಏನು ಕಾಣುತ್ತಿದೆ ಎಂಬುದು ಗೊತ್ತೇ ಇರುವುದಿಲ್ಲ. ಬಳೆ ಎಷ್ಟು ಸರಿಯಿತು ಎಂಬುದೊಂದೇ ಅವುಗಳಿಗೆ ತಿಳಿಯುತ್ತದೆ.

ಮೊದಲು ಚಂದ್ರನನ್ನೋ ಬಹು ದೂರದ ಗೋಪುರವನ್ನೋ ನೋಡಿ, ಲೆನ್ಸನ್ನು ಅನಂತಕ್ಕೆ ತಿರುಗಿಸಿದಾಗ ಬಿಂಬಗಳು ಸರಿಯಾಗಿ ಒಂದರ ಮೇಲೊಂದು ಕೂಡುತ್ತವೆಯೇ ಗಮನಿಸಿ. ಹಾಗೆ ನೋಡುವಾಗಲೇ ಒಂದು ಬಿಂಬ ಮೇಲೆ, ಇನ್ನೊಂದು ಕೆಳಗೆ ನಿಂತಿದೆಯೇ ಎಂಬುದೂ ತಿಳಿಯುತ್ತದೆ. ಅನಂತದಲ್ಲಿ ಸರಿಯಿದ್ದರೆ, ಜರ್ಮನಿಯ ಲೈಕಾ ಕ್ಯಾಮೆರಾದ ಅಳತೆಗೇ ತಯಾರಾದ ಬೇರೊಂದು 50 ಮಿ.ಮೀ. ಲೆನ್ಸನ್ನು ಎರವಲು ತಂದು ಒಂದು ಮೀಟರಿನಲ್ಲಿ ಅದೇ ಚಿತ್ರ ತೆಗೆಯಿರಿ. ದೂರವನ್ನು ಅಳೆಯುವಾಗ ಪಟ್ಟಿಯನ್ನು ಲೆನ್ಸಿನ ತುದಿಯಿಂದ ಹಿಡಿಯದೆ ಫಿಲ್ಮ್ ನಿಲ್ಲುವ ಸಮತಲದಿಂದ ಹಿಡಿಯಬೇಕೆಂಬುದನ್ನು ಮರೆಯಬೇಡಿ. ಈ ಒಂದು ತಪ್ಪಿನಿಂದಾಗಿ ಚೆನ್ನಾಗಿದ್ದ ರೇಂಜ್‌ಫೈಂಡರುಗಳನ್ನು ಬಿಚ್ಚಿ ಕೆಡಿಸಿದವರನ್ನು ನಾನು ಬಲ್ಲೆ. ಒಬ್ಬನಂತೂ ನಾನೇ.

ಹಿತ್ತಾಳೆಬಳೆ:

ಮೇಲಿನ ಸಲಹೆ ಸರಿಯೇ. ಆದರೆ ನೀವು ವಿವರಿಸಿದ ಲಕ್ಷಣ ಎಷ್ಟು ಪರಿಚಿತವಾದದ್ದೆಂದರೆ, ಪರೀಕ್ಷೆಗೆ ಮೊದಲೇ ಕಾರಣವನ್ನು ಊಹಿಸಬಹುದು. ಅದಕ್ಕೆ ಸ್ವಲ್ಪ ಇತಿಹಾಸ ಬೇಕಾಗುತ್ತದೆ.

ರೇಂಜ್‌ಫೈಂಡರಿಗೆ ಜೋಡಿಸಿದ ಲೈಕಾ 2 ಹೊರಬಂದದ್ದು 1932ರಲ್ಲಿ. ಅದೇ ವರ್ಷ ಝೈಸ್ ಇಕಾನ್ ಸಂಸ್ಥೆ ಕಾಂಟ್ಯಾಕ್ಸ್ ಕ್ಯಾಮೆರಾವನ್ನು ಎದುರಿಗೆ ನಿಲ್ಲಿಸಿತು, ಅದಕ್ಕಾಗಿ ಲುಡ್ವಿಗ್ ಬರ್ಟೆಲೆ ಸೊನ್ನಾರ್ ಲೆನ್ಸನ್ನು ರೂಪಿಸಿದರು. ಗಾಜಿನ ಮೇಲೆ ಲೇಪನವಿಲ್ಲದ ಆ ಕಾಲದಲ್ಲಿ ಗಾಜಿಗೂ ಗಾಳಿಗೂ ನಡುವಿನ ಪ್ರತಿಯೊಂದು ಮೈ ಸ್ವಲ್ಪ ಬೆಳಕನ್ನು ಹಿಂದಕ್ಕೆ ಎರಚಿ ಚಿತ್ರವನ್ನು ಬಿಳಿಚಿಸುತ್ತಿತ್ತು. ಎಫ್/2 ಸೊನ್ನಾರ್‌ನಲ್ಲಿ ಆರು ಗಾಜುಗಳನ್ನು ಅಂಟಿಸಿ ಮೂರೇ ಗುಂಪು ಮಾಡಿದ್ದರಿಂದ ಅಂಥ ಮೈಗಳು ಆರಕ್ಕೆ ಇಳಿದವು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಕಾಂಟ್ಯಾಕ್ಸ್ ತಯಾರಿಕೆಯ ಯಂತ್ರೋಪಕರಣಗಳು ಸೋವಿಯತ್ ಒಕ್ಕೂಟಕ್ಕೆ ಹೋದವು. ಕಾಂಟ್ಯಾಕ್ಸ್ ಅಲ್ಲಿ ಕೀವ್ ಎಂಬ ಹೆಸರಿನ ಕ್ಯಾಮೆರಾ ಆಯಿತು, ಎಫ್/2 ಸೊನ್ನಾರ್ ಜುಪಿಟರ್-8 ಆಯಿತು, ಎಫ್/1.5 ಸೊನ್ನಾರ್ ಜುಪಿಟರ್-3 ಆಯಿತು. ಇತ್ತ ಲೈಕಾವನ್ನು ಅನುಸರಿಸಿದ ಫೆಡ್ ಮತ್ತು ಜೊರ್ಕಿಗಳಿಗೆ ಇವೇ ಲೆನ್ಸುಗಳನ್ನು 39 ಮಿ.ಮೀ. ತಿರುಪಿನ ಬಾಯಿಯಲ್ಲಿಯೂ ತಯಾರಿಸಿದರು.

ಈಗ ವಿಷಯದ ತಿರುಳಿಗೆ ಬರೋಣ. ಲೆನ್ಸಿನ ಮೇಲೆ 50 ಎಂದು ಕೆತ್ತಿದ್ದರೂ ಲೈಕಾ ತನ್ನ ರೇಂಜ್‌ಫೈಂಡರನ್ನು ಹೊಂದಿಸಿದ್ದು 51.6 ಮಿ.ಮೀ. ನಾಭಿದೂರಕ್ಕೆ; ಸೊನ್ನಾರ್ ವಂಶದ್ದು 52.4. ವ್ಯತ್ಯಾಸ ಒಂದು ಮಿಲಿಮೀಟರಿಗೂ ಕಡಿಮೆ, ಆದರೆ ಹತ್ತಿರದಲ್ಲಿ ಅದೇ ಕಾಡುತ್ತದೆ. ಒಂದು ಮೀಟರಿಗೆ ಫೋಕಸ್ ಮಾಡಲು 51.6ರ ಲೆನ್ಸು ಅನಂತದ ನೆಲೆಯಿಂದ ಸುಮಾರು 2.81 ಮಿ.ಮೀ. ಮುಂದೆ ಬರಬೇಕು, 52.4ರ ಲೆನ್ಸು 2.90 ಮಿ.ಮೀ. ಬರಬೇಕು. ನಿಮ್ಮ ಕ್ಯಾನನ್‌ನಂಥ ಲೈಕಾ ಅಳತೆಯ ಬಾಡಿ 2.81ಕ್ಕೇ ಬಿಂಬಗಳನ್ನು ಕೂಡಿಸಿ ತೋರಿಸುವುದರಿಂದ ನೀವು ಅಲ್ಲಿಗೇ ಕೈ ನಿಲ್ಲಿಸುತ್ತೀರಿ. ಲೆನ್ಸು ಇನ್ನೂ 0.09 ಮಿ.ಮೀ. ಹಿಂದೆಯೇ ಉಳಿದಿರುತ್ತದೆ, ಹಾಗಾಗಿ ಅದು ನೋಡುತ್ತಿರುವುದು ಕಣ್ಣಿಗಿಂತ ಸುಮಾರು ಮೂರು ಸೆಂಟಿಮೀಟರ್ ಹಿಂದಿನ ಸಮತಲವನ್ನು.

ಇದಕ್ಕೆ ಎದುರಾಗಿ, ಫಿಲ್ಮಿನ ಕಡೆ ನಮಗೆ ಸಿಗುವ ಸಡಿಲಿಕೆ ಎಷ್ಟು? ಮಸುಕಿನ ಚುಕ್ಕೆ 0.03 ಮಿ.ಮೀ. ಮೀರಬಾರದೆಂಬ ರೂಢಿಯ ಲೆಕ್ಕ ಹಿಡಿದರೆ ಎಫ್/2ರಲ್ಲಿ ಎರಡೂ ಬದಿಗೆ 0.06, ಎಫ್/4ರಲ್ಲಿ 0.12. ಅಂದರೆ 0.09ರ ತಪ್ಪು ಎಫ್/2ರಲ್ಲಿ ಬಯಲಾಗುತ್ತದೆ, ಎಫ್/4ರಲ್ಲಿ ಅಡಗಿಕೊಳ್ಳುತ್ತದೆ. ಐದು ಮೀಟರಿನಲ್ಲಿ ತಪ್ಪೇ 0.02ಕ್ಕಿಂತ ಕಡಿಮೆಯಾಗುವುದರಿಂದ ಎಫ್/2ರಲ್ಲಿಯೂ ಅದು ಕಾಣದು. ನೀವು ಕಂಡದ್ದು ಇದೇ ಅಲ್ಲವೇ?

ಇದೇ ಕಥೆ ನಿಕಾನ್ ರೇಂಜ್‌ಫೈಂಡರುಗಳಲ್ಲಿಯೂ ಇದೆ. ನಿಕಾನ್ ಎಸ್ ಸಾಲಿನ ಬಾಯಿ ಕಾಂಟ್ಯಾಕ್ಸಿನದರಂತೆಯೇ ಇದ್ದು ಲೆನ್ಸುಗಳು ಒಂದರದು ಇನ್ನೊಂದಕ್ಕೆ ಕೂರುತ್ತವೆ. ಅಗಲ ಕೋನದ ಲೆನ್ಸುಗಳಲ್ಲಿ ತೊಂದರೆ ಕಾಣುವುದಿಲ್ಲ, 85 ಅಥವಾ 135 ಹಾಕಿದರೆ ಹತ್ತಿರದ ಫೋಕಸ್ ತಪ್ಪುತ್ತದೆ. ಬಾಯಿ ಹೊಂದಿತೆಂದ ಮಾತ್ರಕ್ಕೆ ಶ್ರುತಿ ಸೇರಿತೆಂದು ತಿಳಿಯಬಾರದು.

ಹಳೆಶಟರ್:

ಲೆಕ್ಕ ಅಂದವಾಗಿದೆ, ಆದರೆ ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ. ನನ್ನ ಬಳಿ ಮೂರು ಜುಪಿಟರ್-8 ಇವೆ. ಒಂದು ನೀವು ಹೇಳಿದಂತೆಯೇ ಹಿಂದಕ್ಕೆ ಫೋಕಸ್ ಮಾಡುತ್ತದೆ. ಇನ್ನೊಂದು ಲೈಕಾ ಬಾಡಿಯ ಮೇಲೆ ಎಫ್/2ರಲ್ಲಿ ಕೂದಲೆಳೆಯಷ್ಟೂ ತಪ್ಪುವುದಿಲ್ಲ. ಮೂರನೆಯದು ಅನಂತದಲ್ಲೂ ಹತ್ತಿರದಲ್ಲೂ ತಪ್ಪುತ್ತದೆ. ಮೂರಕ್ಕೂ ಒಂದೇ 52.4ರ ಜಾತಕ ಇರುವಾಗ ಫಲ ಬೇರೆ ಬೇರೆಯಾದದ್ದು ಹೇಗೆ? ಅರವತ್ತು, ಎಪ್ಪತ್ತು ವರ್ಷಗಳಲ್ಲಿ ಈ ಲೆನ್ಸುಗಳನ್ನು ಎಷ್ಟೋ ಕೈಗಳು ಬಿಚ್ಚಿವೆ. ಗ್ರೀಸು ಬದಲಿಸಿ ಮರುಜೋಡಣೆ ಮಾಡಿದವನು ಒಳಗಿನ ತೆಳು ಬಳೆಯೊಂದನ್ನು ಮೇಜಿನ ಮೇಲೆಯೇ ಬಿಟ್ಟಿರಬಹುದು, ಎರಡು ಮುರುಕು ಲೆನ್ಸುಗಳಿಂದ ಒಂದನ್ನು ಕಟ್ಟಿರಬಹುದು. ಅದನ್ನೆಲ್ಲ ಜರ್ಮನಿಯ ವಿನ್ಯಾಸದ ತಲೆಗೆ ಕಟ್ಟುವುದು ಸರಿಯಲ್ಲ.

ಹಿತ್ತಾಳೆಬಳೆ:

ನಿಮ್ಮ ಆಕ್ಷೇಪವನ್ನು ಒಪ್ಪುತ್ತೇನೆ. 52.4 ಎಂಬುದು ವಿನ್ಯಾಸದ ಅಂಕಿ, ಕೈಯಲ್ಲಿರುವ ಲೆನ್ಸು ಅದರಿಂದ ಸ್ವಲ್ಪ ಆಚೀಚೆ ಇರುವುದು ಸಹಜ. ಯುದ್ಧಪೂರ್ವದ ಫೆಡ್ ಕ್ಯಾಮೆರಾಗಳ ಕಾಲದಲ್ಲಂತೂ ಬಾಯಿಯಿಂದ ಫಿಲ್ಮಿನವರೆಗಿನ ದೂರವೇ ಒಂದು ನಿಯಮಕ್ಕೆ ಬಂದಿರಲಿಲ್ಲ. ಲೈಕಾ ತಿರುಪಿನಲ್ಲಿ ಆ ದೂರ 28.8 ಮಿ.ಮೀ. ಎಂದು ಖಚಿತವಾಗಿದ್ದರೆ, ಆ ಫೆಡ್‌ಗಳಲ್ಲಿ ಪ್ರತಿ ಬಾಡಿಗೂ ಅದರದೇ ಲೆನ್ಸನ್ನು ಹೊಂದಿಸಿ ಕೊಡುತ್ತಿದ್ದರು. ಒಂದರ ಲೆನ್ಸನ್ನು ಇನ್ನೊಂದಕ್ಕೆ ಹಾಕಿ ಫೋಕಸ್ ಸರಿಬಂದರೆ ಅದು ಅದೃಷ್ಟ.

ಅದಕ್ಕೇ ಊಹೆಯನ್ನು ಬಿಟ್ಟು ಅಳೆಯುವುದು ಒಳ್ಳೆಯದು. ಕ್ಯಾನನ್ ಪಿಯ ಹಿಂಬಾಗಿಲು ಕೀಲಿನ ಮೇಲೆ ತೆರೆದುಕೊಳ್ಳುವುದು ಇಲ್ಲಿ ದೊಡ್ಡ ಅನುಕೂಲ. ಬುಡ ಮಾತ್ರ ಬಿಚ್ಚಿಕೊಳ್ಳುವ ತಿರುಪು ಲೈಕಾಗಳಲ್ಲಿ ಇದು ಆಗದ ಕೆಲಸ. ಫಿಲ್ಮ್ ಜಾರುವ ಒಳಗಿನ ಎರಡು ಹಳಿಗಳ ಮೇಲೆ ಅರೆಪಾರದರ್ಶಕ ಅಂಟುಪಟ್ಟಿಯನ್ನು ಸುಕ್ಕಿಲ್ಲದಂತೆ, ಬಿಗಿಯಾಗಿ, ಮಾಸಲು ಮೈ ಲೆನ್ಸಿನ ಕಡೆಗಿರುವಂತೆ ಎಳೆದು ಕಟ್ಟಿ. ಶಟರನ್ನು ಬಿ ಎಂಬಲ್ಲಿಟ್ಟು ಕೇಬಲಿನಿಂದ ತೆರೆದೇ ನಿಲ್ಲಿಸಿ. ಮುಕ್ಕಾಲಿಯ ಮೇಲಿಟ್ಟ ಕ್ಯಾಮೆರಾದಲ್ಲಿ ಒಂದು ಮೀಟರ್ ದೂರದ ಅಕ್ಷರಗಳಿಗೆ ಜೋಡುಬಿಂಬ ಕೂಡಿಸಿ, ಪಟ್ಟಿಯ ಮೇಲೆ ಮೂಡಿದ ಬಿಂಬವನ್ನು ಭೂತಗನ್ನಡಿಯಲ್ಲಿ ನೋಡಿ. ಅಕ್ಷರಗಳಿದ್ದ ಹಾಳೆಯನ್ನು ಮುಂದೆ ಹಿಂದೆ ಸರಿಸುತ್ತ ಎಲ್ಲಿ ಅತಿ ಸ್ಪಷ್ಟವಾಗುತ್ತದೋ ಅಲ್ಲಿ ಗುರುತು ಹಾಕಿ. ಇದೆಲ್ಲವೂ ಎಫ್/2ರಲ್ಲಿಯೇ ಆಗಬೇಕು. ಸೊನ್ನಾರ್ ವಂಶದ ಲೆನ್ಸುಗಳಲ್ಲಿ ದ್ಯುತಿರಂಧ್ರ ಕಿರಿದಾದಂತೆ ಫೋಕಸ್ ತಾನೇ ತುಸು ಹಿಂದಕ್ಕೆ ಜಾರುವ ಗುಣವಿದ್ದು, ಎಫ್/1.5ರ ಜುಪಿಟರ್-3ರಲ್ಲಿ ಅದು ಇನ್ನೂ ಢಾಳಾಗಿ ಕಾಣುತ್ತದೆ.

ಚರ್ಮದಪೆಟ್ಟಿಗೆ:

ಸಂಗ್ರಾಹಕನ ದೃಷ್ಟಿಯಿಂದ ಒಂದು ಮಾತು. ಕಾರ್ಖಾನೆಯಿಂದ ಬಂದ ಹಾಗೆಯೇ ಉಳಿದಿರುವ ಲೆನ್ಸನ್ನು ದಯವಿಟ್ಟು ಬಿಚ್ಚಬೇಡಿ. ತಿರುಪುಗಳ ತಲೆ ಸವೆಯದ, ಬಣ್ಣದ ಸೀಲು ಒಡೆಯದ ಜುಪಿಟರುಗಳು ಈಗಾಗಲೇ ಅಪರೂಪವಾಗಿವೆ. ನಿಮ್ಮದು ಹಾಗಿದ್ದರೆ ಅದನ್ನು ಜೊರ್ಕಿಗೇ ಮರಳಿಸಿ, ಕ್ಯಾನನ್‌ಗೆ ಕ್ಯಾನನ್ನಿನದೇ 50 ಮಿ.ಮೀ. ಎಫ್/1.8 ತನ್ನಿ. ಅದು ಲೈಕಾ ಅಳತೆಗೇ ತಯಾರಾದದ್ದು, ತಲೆನೋವಿಲ್ಲ. ಉಪಯೋಗಿಸುವುದಕ್ಕೆಂದು ಹಳೆಯ ವಸ್ತುವನ್ನು ತಿದ್ದುತ್ತ ಹೋದರೆ ಮುಂದೆ ಮೂಲರೂಪದಲ್ಲಿ ಏನೂ ಉಳಿಯುವುದಿಲ್ಲ.

ಅರೆಗನ್ನಡಿ:

ಕ್ಯಾನನ್ 50 ಎಫ್/1.8 ಒಳ್ಳೆಯ ಲೆನ್ಸೇ, ಆದರೆ ತಲೆನೋವಿಲ್ಲ ಎಂದು ಹೇಳಲಾಗದು. ಅದರ ದ್ಯುತಿರಂಧ್ರದ ಹಿಂದಿನ ಗಾಜಿನ ಮೈಯಲ್ಲಿ ಮಂಜು ಕಟ್ಟುವುದು ಪ್ರಸಿದ್ಧ ರೋಗ. ಎಫ್/1.2ರಲ್ಲಿಯೂ ಇದೇ ಬಾಧೆಯಿದೆ. ಒಳಗಿನ ಎಣ್ಣೆಯ ಆವಿ ಗಾಜಿನ ಮೇಲೆ ಕೂತು, ವರ್ಷಗಟ್ಟಲೆ ಹಾಗೆಯೇ ಬಿಟ್ಟರೆ ಮೈಯನ್ನೇ ಕೊರೆದುಬಿಡುತ್ತದೆ. ಹೊಸ ಮಂಜನ್ನು ಒರೆಸಿ ತೆಗೆಯಬಹುದು, ಕೊರೆದ ಗಾಜಿಗೆ ಮದ್ದಿಲ್ಲ. ಕೊಳ್ಳುವಾಗ ಲೆನ್ಸನ್ನು ಪೂರ್ತಿ ತೆರೆದು ಹಿಂದಿನಿಂದ ಓರೆಯಾಗಿ ಟಾರ್ಚ್ ಬಿಡಿ. ನೇರ ಬೆಳಕಿಗೆ ತಿಳಿನೀರಿನಂತೆ ಕಾಣುವ ಗಾಜು ಓರೆ ಬೆಳಕಿಗೆ ಹಾಲಿನಂತೆ ಕಂಡರೆ ಹಿಂತಿರುಗಿಸಿ. ಯುದ್ಧಪೂರ್ವದ ಲೈಕಾ ಸುಮ್ಮಾರ್‌ನ ಸಮಸ್ಯೆ ಬೇರೆ. ಅದರ ಮುಂಗಾಜು ಎಷ್ಟು ಮೃದುವೆಂದರೆ, ಅದನ್ನು ಅಂಗಿಯ ತುದಿಯಿಂದ ಒರೆಸಿದ ಪ್ರತಿಯೊಬ್ಬ ಹಿಂದಿನ ಒಡೆಯನ ಸಹಿ ಅದರ ಮೇಲಿರುತ್ತದೆ.

ಇನ್ನು ಮೇಲಿನ ಸಂಗ್ರಾಹಕ ಮಿತ್ರರ ಹೆಸರನ್ನು ನೋಡಿ ಒಂದು ಮಾತು ಹೇಳಲೇಬೇಕೆನಿಸುತ್ತದೆ. ಚರ್ಮದ ಪೆಟ್ಟಿಗೆ ತೇವವನ್ನು ಹಿಡಿದಿಡುತ್ತದೆ, ತೇವ ಮತ್ತು ಕತ್ತಲೆ ಸೇರಿದರೆ ಬೂಷ್ಟು ಜೇಡರ ಬಲೆಯಂತೆ ಗಾಜಿನೊಳಗೆ ಹಬ್ಬುತ್ತದೆ. ಮೂಲ ಪೆಟ್ಟಿಗೆಯನ್ನು ಬೇರೆಯಾಗಿ, ಲೆನ್ಸನ್ನು ಗಾಳಿ ಬೆಳಕಿರುವಲ್ಲಿ ಇಡಿ. ಆದರೆ ಆ ಬೆಳಕು ನೇರ ಬಿಸಿಲಾಗದಂತೆ ಎಚ್ಚರಿರಲಿ. ಬಟ್ಟೆಯ ಶಟರಿರುವ ಲೈಕಾ, ಜೊರ್ಕಿಗಳಲ್ಲಿ ಮುಚ್ಚಳವಿಲ್ಲದ ಲೆನ್ಸು ಅನಂತದಲ್ಲಿ ನಿಂತಾಗ ಸೂರ್ಯನನ್ನು ನೇರವಾಗಿ ಪರದೆಯ ಮೇಲೆ ಕೇಂದ್ರೀಕರಿಸಿ ಸೂಜಿಮೊನೆಯಷ್ಟು ತೂತು ಸುಡುತ್ತದೆ. ಕ್ಯಾನನ್ ಪಿಯ ಪರದೆ ಉಕ್ಕಿನ ತಗಡಿನದಾದ್ದರಿಂದ ಈ ಭಯವಿಲ್ಲ. ಬೆರಳು ತಾಗಿ ಅದು ಸುಕ್ಕುಗಟ್ಟಿರುವುದು ಸಾಮಾನ್ಯ, ಅದರಿಂದ ಚಿತ್ರಕ್ಕೆ ತೊಂದರೆಯೂ ಇಲ್ಲ.

ಮೊದಲರೀಲು:

ಇದನ್ನೆಲ್ಲ ಓದಿ ಸ್ವಲ್ಪ ಹೆದರಿಕೆಯಾಯಿತು. ನನ್ನ ಬಳಿ ಇನ್ನೂ ಯಾವ ರೇಂಜ್‌ಫೈಂಡರೂ ಇಲ್ಲ. ಎರಡು ಪ್ರಶ್ನೆಗಳಿವೆ. ಈ ಶ್ರುತಿಯ ಗೊಡವೆಯೇ ಇಲ್ಲದ ಕ್ಯಾಮೆರಾ ಯಾವುದಾದರೂ ಇದೆಯೇ? ಹದ್ದಿನ ಮುದ್ರೆಯಿರುವ, ಯುದ್ಧಕಾಲದ ಜರ್ಮನ್ ಸೇನೆಯದೆಂದು ಹೇಳುವ ಚಿನ್ನದ ಬಣ್ಣದ ಲೈಕಾವೊಂದು ಕಣ್ಣಿಗೆ ಬಿದ್ದಿದೆ, ಅದನ್ನು ನಂಬಬಹುದೇ?

ಹಳೆಶಟರ್:

ಎರಡನೆಯದಕ್ಕೆ ಮೊದಲು ಉತ್ತರ. ಬಹುಮಟ್ಟಿಗೆ ಅದು ಫೆಡ್ ಅಥವಾ ಹಳೆಯ ಜೊರ್ಕಿ. ಮೂಲ ಕೆತ್ತನೆಯನ್ನು ಅಳಿಸಿ ಲೈಕಾ ಎಂದು ಬರೆದು ಬಣ್ಣ ಬಳಿದಿರುತ್ತಾರೆ. ಲೆನ್ಸನ್ನು ಬಿಚ್ಚಿ ಬಾಯಿಯೊಳಗೆ ನೋಡಿ. ರೇಂಜ್‌ಫೈಂಡರಿನ ತೋಳಿನ ತುದಿಯಲ್ಲಿ ಲೈಕಾಗೆ ತಿರುಗುವ ಪುಟ್ಟ ಚಕ್ರವಿರುತ್ತದೆ. ಫೆಡ್, ಜೊರ್ಕಿಗಳಲ್ಲಿ ಅಲ್ಲಿ ಬೆಣೆಯಾಕಾರದ ಗಟ್ಟಿ ಲೋಹವಿರುತ್ತದೆ. ಬಣ್ಣ ಬಳಿಯುವವರು ಅಷ್ಟು ಒಳಗೆ ಹೋಗುವ ತೊಂದರೆ ತೆಗೆದುಕೊಳ್ಳುವುದಿಲ್ಲ. ಅದನ್ನು ಫೆಡ್ ಎಂದೇ ಕೊಂಡು ಫೆಡ್ ಎಂದೇ ಬಳಸುವುದಾದರೆ ಅದೂ ಚಿತ್ರ ತೆಗೆಯುತ್ತದೆ, ಲೈಕಾದ ಬೆಲೆ ಮಾತ್ರ ಕೊಡಬೇಡಿ.

ಮೊದಲನೆಯದಕ್ಕೆ, ಲೆನ್ಸು ಬಾಡಿಗೇ ಅಂಟಿಕೊಂಡಿರುವ ಕ್ಯಾಮೆರಾ ಕೊಳ್ಳಿ. ಒಂದೇ ಲೆನ್ಸಿಗಾಗಿ ಕಾರ್ಖಾನೆಯಲ್ಲಿಯೇ ಹೊಂದಿಸಿರುವುದರಿಂದ ಈ 51.6, 52.4ರ ಜಗಳ ಅಲ್ಲಿಲ್ಲ. 1966ರ ಯಾಶಿಕಾ ಎಲೆಕ್ಟ್ರೋ 35ರ 45 ಮಿ.ಮೀ. ಎಫ್/1.7 ಲೆನ್ಸು ಇಂದಿಗೂ ಹೊಗಳಿಕೆಗೆ ಅರ್ಹ. ಆದರೆ ಅದರ ಶಟರ್ ವಿದ್ಯುತ್ತಿನದು, ಬ್ಯಾಟರಿಯಿಲ್ಲದಿದ್ದರೆ 1/500 ಸೆಕೆಂಡಿನ ಒಂದೇ ವೇಗ. ಅದರೊಳಗಿನ ಸಣ್ಣ ರಬ್ಬರ್ ಮೆತ್ತೆ ಪುಡಿಯಾದರೆ ಬೆಳಕಿನ ಅಳತೆಯೂ ಕೆಡುತ್ತದೆ. ಫಿಲ್ಮನ್ನು ಮುಂದೂಡುವಾಗ ಒಳಗಿನಿಂದ ಟಕ್ಕೆಂಬ ಸದ್ದು ಬಂದರೆ ಮೆತ್ತೆ ಬದುಕಿದೆಯೆಂದು ತಿಳಿಯಬಹುದು. 1972ರ ಕ್ಯಾನನ್ ಕ್ಯಾನೊನೆಟ್ ಕ್ಯೂಎಲ್17 ಜಿ3 ಆದರೆ ಬ್ಯಾಟರಿಯಿಲ್ಲದೆಯೂ ಎಲ್ಲ ವೇಗಗಳಲ್ಲಿ ಓಡುತ್ತದೆ. ಬೆಳಕನ್ನು ಅಳೆಯುವುದಕ್ಕಷ್ಟೇ 1.35 ವೋಲ್ಟಿನ ಪಾದರಸದ ಕೋಶ ಬೇಕಿತ್ತು. ಅದು ಈಗ ತಯಾರಾಗುವುದಿಲ್ಲ. 1.5 ವೋಲ್ಟಿನದನ್ನು ತುರುಕಿದರೆ ಮೀಟರ್ ತಪ್ಪು ಹೇಳುತ್ತದೆ. ಶ್ರವಣಯಂತ್ರಗಳಲ್ಲಿ ಬಳಸುವ 675 ಸಂಖ್ಯೆಯ ಜಿಂಕ್-ಏರ್ ಕೋಶ ಸುಮಾರು 1.4 ವೋಲ್ಟ್ ಕೊಡುವುದರಿಂದ ಬಹಳ ಜನ ಅದಕ್ಕೊಂದು ಬಳೆ ತೊಡಿಸಿ ಬಳಸುತ್ತಾರೆ.

ಮಂದಬೆಳಕು:

ಎರಡು ವಾರಗಳ ಪರೀಕ್ಷೆಯ ಫಲಿತಾಂಶವನ್ನು ಒಪ್ಪಿಸುತ್ತಿದ್ದೇನೆ. ರೇಂಜ್‌ಫೈಂಡರ್ ಅನಂತದಲ್ಲಿ ಸರಿಯಾಗಿದೆ. ಎರವಲು ತಂದ ಕ್ಯಾನನ್ 50 ಎಫ್/1.8 ಒಂದು ಮೀಟರಿನಲ್ಲಿ ಗುರಿ ತಪ್ಪಲಿಲ್ಲ. ಆ ಎರವಲು ಲೆನ್ಸಿನಲ್ಲಿ ಅರೆಗನ್ನಡಿಯವರು ಹೇಳಿದ ಹಾಲಿನ ಮಂಜೂ ಇತ್ತು, ಅದರ ಒಡೆಯರಿಗೆ ಅದು ತಿಳಿದಿರಲಿಲ್ಲ. ಹೇಳಿದ್ದು ತಪ್ಪಾಯಿತೇನೋ ಎಂದು ಈಗ ಅನ್ನಿಸುತ್ತಿದೆ.

ಜುಪಿಟರನ್ನು ಅಂಟುಪಟ್ಟಿಯ ಮೇಲೆ ನೋಡಿದಾಗ ಹಾಳೆಯನ್ನು ಎರಡೂವರೆಯಿಂದ ಮೂರು ಸೆಂಟಿಮೀಟರ್ ಹಿಂದಕ್ಕೆ ಸರಿಸಬೇಕಾಯಿತು. ಐದು ಸಲ ಮಾಡಿದರೂ ಉತ್ತರ ಬದಲಾಗಲಿಲ್ಲ. ಲೆನ್ಸಿನ ತಿರುಪುಗಳ ತಲೆ ಈಗಾಗಲೇ ಸವೆದಿದ್ದುದರಿಂದ ಸಂಗ್ರಾಹಕರ ಶಾಪ ತಟ್ಟಲಾರದೆಂಬ ಧೈರ್ಯದಿಂದ ಬಿಚ್ಚಲು ಹೊರಟಿದ್ದೇನೆ. ಗಾಜಿನ ಗುಂಪು ತಿರುಗಿಸಿದರೆ ಇಡಿಯಾಗಿ ಹೊರಬರುತ್ತದೆ, ಅದರ ಕೆಳಗೆ ಒಂದು ತೆಳು ಬಳೆ ಇದೆ ಎಂಬಲ್ಲಿಯವರೆಗೆ ಕಂಡುಕೊಂಡಿದ್ದೇನೆ. ಆ ಬಳೆಯ ಜೊತೆಗೆ 0.09 ಮಿ.ಮೀ. ದಪ್ಪದ ಹಿತ್ತಾಳೆ ಹಾಳೆಯನ್ನು ಕತ್ತರಿಸಿ ಸೇರಿಸಲೇ?

ಹಿತ್ತಾಳೆಬಳೆ:

ಪೂರ್ತಿ 0.09 ಬೇಡ. ಲೆನ್ಸಿನ ಚಲನೆಯ ಪ್ರಮಾಣವನ್ನು ಬಳೆಯಿಂದ ಬದಲಿಸಲಾಗುವುದಿಲ್ಲ, ಗಾಜನ್ನು ಇಡಿಯಾಗಿ ಮುಂದಕ್ಕೆ ಸರಿಸಬಹುದಷ್ಟೇ. ಹತ್ತಿರದಲ್ಲಿ ಗಳಿಸಿದ್ದನ್ನು ದೂರದಲ್ಲಿ ಕಳೆದುಕೊಳ್ಳಬೇಕಾಗುತ್ತದೆ. 0.09 ಸೇರಿಸಿದರೆ ಒಂದು ಮೀಟರಿನಲ್ಲಿ ನಿಖರವಾಗುತ್ತದೆ, ಆದರೆ ಅನಂತಕ್ಕೆ ತಿರುಗಿಸಿದ ಲೆನ್ಸು ವಾಸ್ತವದಲ್ಲಿ ಸುಮಾರು 30 ಮೀಟರಿಗೆ ನಿಂತಿರುತ್ತದೆ, ಎಫ್/2ರಲ್ಲಿ ದೂರದ ದೃಶ್ಯ ಮೃದುವಾಗುತ್ತದೆ. ಅದರ ಬದಲು 0.06 ಸೇರಿಸಿ. ಆಗ ಒಂದೂವರೆ ಮೀಟರಿನ ಆಸುಪಾಸಿನಲ್ಲಿ ನಿಖರವಾಗಿರುತ್ತದೆ, ಒಂದು ಮೀಟರಿನಲ್ಲಿ ಉಳಿಯುವ ತಪ್ಪು ಒಂದು ಸೆಂಟಿಮೀಟರ್ ಮಾತ್ರ, ಅನಂತದಲ್ಲಿ ಲೆನ್ಸು 46 ಮೀಟರಿಗೆ ನಿಂತು ಎಫ್/2ರ ಸಡಿಲಿಕೆಯ ಅಂಚಿನೊಳಗೇ ಉಳಿಯುತ್ತದೆ. ದೂರದ ದೃಶ್ಯವನ್ನು ಎಫ್/2ರಲ್ಲಿ ಯಾರು ತಾನೇ ತೆಗೆಯುತ್ತಾರೆ?

ಇನ್ನೊಂದು ಸಂಗತಿ. ಬಳೆ ದಪ್ಪವಾದಷ್ಟೂ ಗಾಜಿನ ಗುಂಪು ಮೊದಲಿಗಿಂತ ಬೇಗ ಬಿಗಿಯುತ್ತದೆ, ಹಾಗಾಗಿ ದ್ಯುತಿರಂಧ್ರದ ಗುರುತು ಮೇಲ್ಭಾಗದಿಂದ ಪಕ್ಕಕ್ಕೆ ಸರಿದು ನಿಲ್ಲುತ್ತದೆ. ಅದು ನೋಡಲು ವಕ್ರವೇ ಹೊರತು ಕೆಲಸಕ್ಕೆ ತೊಂದರೆಯಿಲ್ಲ.

ಮಂದಬೆಳಕು:

0.06 ಸೇರಿಸಿ ಎರಡು ರೀಲು ತೆಗೆದಾಯಿತು. ಕಣ್ಣು ಕಣ್ಣಿನ ಜಾಗಕ್ಕೆ ಬಂದಿದೆ. ಗುರುತು ಹೇಳಿದಂತೆಯೇ ಪಕ್ಕಕ್ಕೆ ಸರಿದಿದೆ, ಎಫ್/4 ಇರಬೇಕಾದಲ್ಲಿಗೆ ಎಫ್/5.6 ಬಂದು ಕೂತಿದೆ. ತೊಂದರೆಯೊಂದೇ: ಈಗ ಇದೇ ಲೆನ್ಸನ್ನು ಜೊರ್ಕಿಗೆ ಹಾಕಿದರೆ ಮೂಗಿನ ತುದಿ ಸ್ಪಷ್ಟವಾಗಿ ಕಣ್ಣು ಮಸುಕಾಗುತ್ತಿದೆ. ಹಾಗಾಗಿ ಜೊರ್ಕಿಗೆಂದು ಇನ್ನೊಂದು ಜುಪಿಟರ್-8 ಹುಡುಕುತ್ತಿದ್ದೇನೆ, ಈ ಸಲ ಯಾರೂ ಬಿಚ್ಚದೆ ಇರುವಂಥದ್ದು. ಎರಡು ಅದಲುಬದಲಾಗದಿರಲೆಂದು ತಿದ್ದಿದ ಲೆನ್ಸಿನ ಹಿಂಮುಚ್ಚಳದೊಳಗೆ ಕ್ಯಾನನ್ ಎಂದು ಬರೆದ ಚೀಟಿ ಅಂಟಿಸಿದ್ದೇನೆ.

ಚರ್ಮದಪೆಟ್ಟಿಗೆ:

ಯಾರೂ ಬಿಚ್ಚದ ಜುಪಿಟರ್-8 ನನ್ನ ಬಳಿ ಎರಡಿವೆ. ಸರಣಿ ಸಂಖ್ಯೆಯ ಮೊದಲೆರಡು ಅಂಕಿಗಳ ಪ್ರಕಾರ ಒಂದು 1957ರದು, ಇನ್ನೊಂದು 1961ರದು. ಬಿಚ್ಚುವುದಿಲ್ಲವೆಂದು ಮಾತು ಕೊಟ್ಟರೆ ಒಂದನ್ನು ಬಿಟ್ಟುಕೊಡಬಹುದು. ಎರಡನ್ನೂ ಮೊನ್ನೆ ಪೆಟ್ಟಿಗೆಯಿಂದ ಹೊರಗೆ ತೆಗೆದು ಟಾರ್ಚ್ ಬಿಟ್ಟು ನೋಡಿದೆ. 1957ರದರಲ್ಲಿ ಬೂಷ್ಟು ಹಿಡಿಯಲು ಆರಂಭವಾಗಿತ್ತು, ಆದ್ದರಿಂದ ನಿಮಗೆ ಸಿಗುವುದು 1961ರದು.